ಜಪಾನಿ ಬೆಂಜೊ ಮತ್ತು ಅವ್ವನ ಜೋಗುಳ

ಸಂಗೀತ ಬಲ್ಲೆನೆಂದು ನಂಬಿದ್ದ ದಿನಗಳಲ್ಲಿ ನಾನು ಹಾಡುತ್ತಿರಲಿಲ್ಲ, ಹಾಡುವವರನ್ನು ತಿದ್ದುತ್ತಿದ್ದೆ. ಅದು ಸುಲಭದ ಕೆಲಸ, ಗಂಟಲು ಬೇಕಾಗುವುದಿಲ್ಲ.

ಈ ಚಟ ನನಗೆ ಹತ್ತಿದ್ದು ನೆರೆಮನೆಯ ರಾಚಪ್ಪನವರಿಂದ. ಆಗ ನಿಜಾಮರ ಕಾಲ. ನಾನು ಲಿಂಗಸುಗೂರಿನ ತಹಸೀಲ ಕಚೇರಿಯಲ್ಲಿ ಹಗಲೆಲ್ಲ ಉರ್ದು ಅರ್ಜಿ ನಕಲು ಮಾಡುವ ಗುಮಾಸ್ತ. ರಾಚಪ್ಪನವರೋ, ಮುಂಬಯಿಯ ಹತ್ತಿ ವ್ಯಾಪಾರಿಯೊಬ್ಬರ ಕಡೆಯಿಂದ ಜಪಾನಿನ ಕೋಬೆಯಲ್ಲಿ ಎರಡು ವರ್ಷ ಇದ್ದು ಬಂದವರು. ಬರುವಾಗ ಒಂದು ಬೆಂಜೊ ತಂದಿದ್ದರು. ಮೊಳ ಉದ್ದದ ಪೆಟ್ಟಿಗೆ, ಅದಕ್ಕೆ ತಂತಿ, ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಬಲಗೈಯಲ್ಲಿ ಮೀಟಿ ಎಡಗೈಯಲ್ಲಿ ಗುಂಡಿ ಒತ್ತಿದರೆ ಗುರುವಿಲ್ಲದೆಯೂ ಸ್ವರ ಬರುತ್ತದೆ.

ಸಂಜೆ ಕಟ್ಟೆಯ ಮೇಲೆ ಕುಳಿತು ಅವರು ನಮಗೆ ಜಪಾನನ್ನು ಬಡಿಸುತ್ತಿದ್ದರು. ಅಲ್ಲಿನ ಶಿಂತೋ ಮತದ ಗುಡಿಗಳಲ್ಲಿ ಡೋಲಿನ ಒಂದು ಪೆಟ್ಟು ಬಿದ್ದು ಇನ್ನೊಂದು ಬೀಳುವುದರೊಳಗೆ ಒಳಗೆ ಹೋಗಿ ಒಂದು ತಂಬಿಗೆ ನೀರು ಕುಡಿದು ಬರಬಹುದಂತೆ. ಪೇಟೆಯಲ್ಲಿ ಮಾತ್ರ ಗ್ರಾಮಫೋನಿನ ಹೊಸ ಹಾಡುಗಳು. ಎಲ್ಲದರಲ್ಲೂ ಒಂದು ಬಂದರು, ಒಂದು ಹಡಗು, ಅಳುತ್ತ ನಿಂತ ಒಬ್ಬ ಹುಡುಗಿ. ಅಂಥದೊಂದು ಹಾಡು ಬಾರಿಸುವುದನ್ನು ನಾನೂ ಕಲಿತೆ. ಅಷ್ಟಕ್ಕೇ ನನಗೆ ಎರಡು ಕೋಡು ಮೂಡಿದವು.

ಮಗಳಿಗೆ ಹೆಸರಿಡುವ ದಿನ ಬಂತು. ನಮ್ಮಲ್ಲಿ ಹೆಸರಿಡುವವಳು ಸೋದರತ್ತೆ. ಜೋಗುಳ ಹಾಡಿ ಕೂಸಿನ ಕಿವಿಯಲ್ಲಿ ಆಕೆ ಹೇಳಿದರೇ ಅದು ಹೆಸರು. ನನ್ನ ಅಕ್ಕ ನೀಲಮ್ಮ ಮಸ್ಕಿಯಿಂದ ಬಂಡಿ ಕಟ್ಟಿಸಿಕೊಂಡು ಬಂದು, ಕೂಸಿನ ತಲೆಗೆ ಹೊದಿಸುವ ಕುಲಾಯಿ, ಕುಂಚಿಗೆ ತಂದಿದ್ದಳು. ಜೋಗುಳ ತೀರಿಹೋದ ಅವ್ವನದು. ಪೂರ್ತಿ ಬರುತ್ತಿದ್ದುದು ಅಕ್ಕನೊಬ್ಬಳಿಗೇ. ಬೆಳಿಗ್ಗೆ ಆಕೆ ಹೆಂಗಸರ ನಡುವೆ ಗುನುಗಿ ನೋಡುತ್ತಿದ್ದಾಗ ನಾನು ರಾಚಪ್ಪನವರ ಬೆಂಜೊ ಹಿಡಿದು ಹೋದೆ. ಆಕೆಯ ಸ್ವರ ಯಾವ ಗುಂಡಿಗೂ ಸಿಗಲಿಲ್ಲ.

“ನಿನ್ನ ದನಿ ಶ್ರುತಿಗೆ ಕೂಡಂಗಿಲ್ಲಕ್ಕಾ. ನೀ ಸುಮ್ನ ತೊಟ್ಟಲಾ ತೂಗು, ಹಾಡು ನಾ ಬಾರಸ್ತೀನಿ,” ಅಂದೆ.

ಅಕ್ಕ ಅಡುಗೆಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಹುಗ್ಗಿಯ ಪಾತ್ರೆಯೂ ಒಳಗೇ. ಬಾಗಿಲ ಹಿಂದಿನಿಂದ ಒಂದೇ ಮಾತು ಬಂತು: “ಅವ್ವನ ಹಾಡು ಬ್ಯಾಡಾದ ಮನ್ಯಾಗ ನಂದೇನು ಕೆಲಸ? ಬಂಡಿ ಹೂಡಾಕ ಹೇಳು.”

ಹೀಗೆ ಹೋದರೆ ಆಕೆ ಮತ್ತೆ ತವರಿನ ಹೊಸ್ತಿಲು ತುಳಿಯುವವಳಲ್ಲ. ಆಕೆಯ ಹಟ ನನಗೆ ಗೊತ್ತು. ಅವ್ವ ಹೋದ ಮೇಲೆ ನನಗೆ ಹಿರಿಯರೆಂದು ಉಳಿದವಳು ಅವಳೊಬ್ಬಳೇ. ಹೆಂಡತಿ ಬೇಡಿಕೊಂಡಳು, ನಾನು ತಪ್ಪಾಯಿತೆಂದೆ. ಚಿಲಕ ಅಲುಗಲಿಲ್ಲ.

ಆಗ, ನೆಂಟರೊಂದಿಗೆ ಹುಗ್ಗಿಗೆ ಕಾದು ಕುಳಿತಿದ್ದ ರಾಚಪ್ಪನವರು ಒಂದು ಜಪಾನಿ ಕತೆ ತೆಗೆದರು. ಅಲ್ಲಿ ಸೂರ್ಯ ಹೆಣ್ಣುದೇವರು. ತಮ್ಮನ ಪುಂಡಾಟಕ್ಕೆ ನೊಂದು ಗವಿ ಹೊಕ್ಕು ಕಲ್ಲು ಮುಚ್ಚಿಕೊಂಡಳಂತೆ. ತಮ್ಮ ಎಂದಾಗ ಎಲ್ಲರೂ ನನ್ನತ್ತ ನೋಡಿದರು. ಲೋಕವೆಲ್ಲ ಕತ್ತಲಾಗಲು ದೇವತೆಗಳು ಗವಿಯ ಮುಂದೆ ಹಾಡಿ ಕುಣಿದು ಹೊಟ್ಟೆ ಹಿಡಿದು ನಕ್ಕರಂತೆ. ಏನಿದು ಗದ್ದಲ ಎಂದು ನೋಡಲು ಆಕೆ ಕಲ್ಲು ಸರಿಸಿದಳು. ಶಿಂತೋ ಗುಡಿಗಳ ಹಾಡು-ಕುಣಿತ ಅಲ್ಲಿಂದಲೇ ಶುರುವಂತೆ. “ಬೇಡ್ಕೊಂಡಿದ್ದು ಸಾಕ್ರಿ, ನಗಸ್ರಿ,” ಅಂದರು.

ಹಸಿದ ಮಂದಿ ನಗುವುದು ಹೇಗೆ? ರಾಚಪ್ಪನವರು ಬಂದರಿನ ಹಾಡು ಬಾರಿಸಿದರು. ಹೆಂಗಸರು ಬಾಯಿಗೆ ಸೆರಗಿಟ್ಟು ಆಕಳಿಸಿದರು. ಉಳಿದವನು ನಾನೇ. ಗಂಟಲು ಬಿಚ್ಚಿ ಅವ್ವನ ಜೋಗುಳ ಎತ್ತಿಕೊಂಡೆ. ಮೊದಲ ಸಾಲಿಗೇ ದನಿ ಒಡೆಯಿತು. ಎರಡನೆಯದಕ್ಕೆ ಕೂಸು ಕಿಟಾರನೆ ಕಿರುಚಿತು. ಹೆಂಡತಿ ತಡೆಯಲಾರದೆ ನಕ್ಕಳು, ಅವಳ ಹಿಂದೆ ಮನೆಮಂದಿಯೆಲ್ಲ ನಕ್ಕರು. ಮೂರನೆಯ ಸಾಲು ನನಗೆ ನೆನಪಾಗಲಿಲ್ಲ. ಅವ್ವ ನನ್ನನ್ನು ಮಲಗಿಸಿದ ಹಾಡು, ಅದರ ಮುಂದಿನ ಮಾತು ನನ್ನಲ್ಲಿರಲಿಲ್ಲ. ಅಷ್ಟು ನಗೆಯ ನಡುವೆ ನನಗೆ ಅಳು ಬಂತು.

ಮೂರನೆಯ ಸಾಲು ಬಾಗಿಲ ಹಿಂದಿನಿಂದ ಬಂತು. ಹಾಡುತ್ತಲೇ ಅಕ್ಕ ಚಿಲಕ ತೆಗೆದಳು, ನನ್ನನ್ನು ಮೊಣಕೈಯಿಂದ ಸರಿಸಿ ತೊಟ್ಟಿಲು ಹಿಡಿದಳು. ಕೂಸು ಸುಮ್ಮನಾಯಿತು. ರಾಚಪ್ಪನವರು ಜೊತೆಗೆ ಬಾರಿಸಲು ನೋಡಿದರು. ಎರಡು ಗುಂಡಿಗಳ ನಡುವೆ ಎಲ್ಲೋ ಓಡಾಡುತ್ತಿದ್ದ ಆ ಸ್ವರಕ್ಕೆ ಕೈಮುಗಿದು ಬೆಂಜೊ ಕೆಳಗಿಟ್ಟರು.

ಹೆಸರನ್ನು ನಾನು ಆರಿಸಿಯೇ ಇಟ್ಟಿದ್ದೆ: ಸರೋಜಾ. ಅಕ್ಕ ಕೂಸಿನ ಕಿವಿಗೆ ಬಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ್ದು ಅವ್ವನ ಹೆಸರು: ಗುರಸಿದ್ದಮ್ಮ. ಆಮೇಲೆ ನನ್ನತ್ತ ತಿರುಗಿ, “ಏನರ ಅಂತಿಯೇನಪಾ?” ಎಂದು ಕೇಳಿದಳು.

ನಾನು ಹುಗ್ಗಿಯ ಪಾತ್ರೆ ತರಲು ಒಳಗೆ ಹೋದೆ. ಅವ್ವನ ಹೆಸರು ಹೊತ್ತ ಮಗಳನ್ನು ಬೈಯಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ. ಅವಳು ಮಾತ್ರ ನನ್ನನ್ನು ಥೇಟ್ ಅವ್ವನ ಹಾಗೆಯೇ ಬೈಯುತ್ತಾಳೆ.