ಕರಿಗಡ್ಡೆಯ ಕಹಿ

ಹಾಸ್ಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸೌಟು ಹಿಡಿದವಳಿಗೆ ಉಪ್ಪಕ್ಕ ಎಂಬ ಹೆಸರು ಅಂಟಿದ್ದು ಕೊನೆಯ ವರ್ಷ. ಜ್ವರವೊಂದು ಬಿಟ್ಟು ಹೋಗುವಾಗ ಅವಳ ನಾಲಗೆಯ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಒಂದೇ ಅಡುಗೆಗೆ ಎರಡು ಸಲ ಉಪ್ಪು ಬಿತ್ತು. ಹುಡುಗಿಯರು ಬಿಡುತ್ತಾರೆಯೇ?

ಕೆಲಸ ಬಿಟ್ಟು ತಂಗಿಯ ಮನೆ ಸೇರಿದಳು. ತಂಗಿಗೆ ಆಲೂಗಡ್ಡೆಯ ಹುಚ್ಚು. ಹಿತ್ತಲಲ್ಲಿ ನಾಲ್ಕು ಪಾತಿ, ನಾಲ್ಕು ತಳಿ. ಕೆಂಪನೆಯದು ಎಷ್ಟು ಬೆಂದರೂ ಒಡೆಯದು. ಬಿಳಿಯದು ಬೆಂದರೆ ಮುಟ್ಟಿದಲ್ಲೇ ಹಿಟ್ಟು. ಬೆರಳಿನಂಥ ಹಳದಿಯದನ್ನು ಸಿಪ್ಪೆಸಮೇತ ಹುರಿಯಬೇಕು. ನಾಲ್ಕನೆಯದು ಒಳಗೂ ಹೊರಗೂ ಕಪ್ಪು. ಬೆಳಕು ತಾಗಿದ ಗಡ್ಡೆ ಹಸಿರಾಗುತ್ತದೆ, ಕಹಿಯಾಗುತ್ತದೆ, ಹೊಟ್ಟೆಗೆ ವಿಷವೂ ಆಗುತ್ತದೆ. ಉಳಿದವುಗಳಲ್ಲಿ ಆ ಹಸಿರು ಕಣ್ಣಿಗೆ ಬೀಳುತ್ತದೆ, ಕರಿಯದರಲ್ಲಿ ಬೀಳುವುದಿಲ್ಲ. ಅದಕ್ಕೇ ತಂಗಿ ಒಂದೊಂದು ಕರಿಗಡ್ಡೆಯಿಂದಲೂ ಚೂರು ಕೊಯ್ದು ನಾಲಗೆಗೆ ತಾಗಿಸಿ, ಎಡಕ್ಕೆ ಕತ್ತು ತಿರುಗಿಸಿ ಉಗುಳುತ್ತಿದ್ದಳು. ಅಕ್ಕನದು ಕೈ, ತಂಗಿಯದು ನಾಲಗೆ. ಒಂಬತ್ತು ವರ್ಷ ಒಲೆ ಹಾಗೆ ಉರಿಯಿತು.

ತಂಗಿ ಕಣ್ಣು ಮುಚ್ಚಿ ಮೂರು ವಾರವಾಗಿತ್ತು. ಅವಳ ಗಂಡ ಬಡಗಿ. ಸರಿಯಾಗಿ ಉಣ್ಣದೆ ಒಣಗಿ ಕಡ್ಡಿಯಾಗಿದ್ದ. ಒಂದು ಮಧ್ಯಾಹ್ನ ತಾನಾಗಿಯೇ ಕರಿಗಡ್ಡೆ ಮಾಡಿಕೊಡಿ ಎಂದು ಕೇಳಿದ. ಉಪ್ಪಕ್ಕನಿಗೆ ಹೋದ ಜೀವ ಬಂದಂತಾಯಿತು. ಕತ್ತಲೆಯ ಮೂಲೆಯ ಚೀಲದಿಂದಲೇ ತೆಗೆದಿದ್ದಾಳೆ, ಇನ್ನೇನು ಭಯ? ಬೇಯಿಸಿ, ಮಸೆದು, ಬೆಣ್ಣೆ ಹಾಕಿ ಅವನ ಮುಂದಿಟ್ಟಳು.

ಅವನು ತುತ್ತು ಎತ್ತಿದ. ಅವಳ ಬಾಯಲ್ಲಿ ಕಹಿ ಹರಡಿತು.

ಬಾಯಿಗೆ ಅವಳು ಏನನ್ನೂ ಹಾಕಿಕೊಂಡಿರಲಿಲ್ಲ. ಕತ್ತು ತಾನಾಗಿ ಎಡಕ್ಕೆ ತಿರುಗಿತು, ತುಟಿ ಉಗುಳಿತು. ಬಡಗಿಯ ಕೈ ಗಾಳಿಯಲ್ಲೇ ನಿಂತಿತು. ಆ ಉಗುಳುವಿಕೆ ಯಾರದೆಂದು ಅವನಿಗೆ ಗೊತ್ತಿತ್ತು.

“ತಿನ್ಬೇಡಿ. ಕಹಿ ಇದೆ.”

“ಅತ್ತಿಗೆ, ನಿಮ್ಮ ಬಾಯಿಗೆ ಉಪ್ಪೂ ಒಂದೇ, ಸಕ್ಕರೆನೂ ಒಂದೇ ಅಲ್ವಾ?” ನಗಲು ನೋಡಿದ, ನಗು ಬರಲಿಲ್ಲ.

ಒಂದು ಕಾಳಿನಷ್ಟು ನಾಲಗೆಗೆ ಹಚ್ಚಿಕೊಂಡು ಥೂ ಎಂದ. ಆಮೇಲೆ ತಡವರಿಸುತ್ತ ಹೇಳಿದ್ದಿಷ್ಟು: ಕಿಟಕಿಯ ತಟ್ಟೆಯಲ್ಲಿದ್ದ ಗಡ್ಡೆಗಳು ಬಿಸಿಲಿಗೆ ಹಾಳಾಗುತ್ತಿವೆ ಎಂದು ತಾನೇ ಮೊನ್ನೆ ಚೀಲಕ್ಕೆ ಸುರಿದಿದ್ದ. ಅವು ಬಿತ್ತನೆಯವು. ಮೊಳಕೆ ಗಟ್ಟಿಯಾಗಲೆಂದು ತಂಗಿಯೇ ಬೆಳಕಿಗಿಟ್ಟಿದ್ದಳು. ಬಾಗಿಲು, ಕಿಟಕಿ ಬಿಟ್ಟರೆ ಅವನಿಗೆ ಇನ್ನೇನು ಗೊತ್ತು.

ಪಾತ್ರೆಯಲ್ಲಿದ್ದುದನ್ನೆಲ್ಲ ಗುಂಡಿ ತೋಡಿ ಮುಚ್ಚಿ ಬಂದು, ಉಪ್ಪಕ್ಕ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಮರಳು ಜಗಿದಂತಾಯಿತು. ಆ ಮರಳಿನಡಿ ಕಹಿ ಮಾತ್ರ ಹಾಗೇ ಕೂತಿತ್ತು. ಬಾಯಿ ತೆರೆದರೆ ತನ್ನ ದನಿ ಬರುತ್ತದೋ ತಂಗಿಯದೋ ಎಂದು ಮೂರು ದಿನ ಮಾತು ಕಡಿಮೆ ಮಾಡಿದಳು. ನಾಲ್ಕನೆಯ ಬೆಳಿಗ್ಗೆ ಕಹಿ ಇರಲಿಲ್ಲ. ಅವಳಿಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಈಗ ಬಡಗಿ ಕೆಲಸಕ್ಕೆ ಹೊರಟ ಮೇಲೆ ಅವಳು ಹಸಿರಾದ ಗಡ್ಡೆಯೊಂದರ ಚೂರು ಕೊಯ್ದು ನಾಲಗೆಯ ಮೇಲಿಟ್ಟುಕೊಂಡು ಕೂರುತ್ತಾಳೆ. ಉಗುಳುವುದಿಲ್ಲ. ಕತ್ತು ಎಡಕ್ಕೆ ತಿರುಗಲಿ ಎಂದು ಕಾಯುತ್ತಾಳೆ.