ಸೈಕಲ್ ಪಂದ್ಯದಿಂದ ಊರಿಗಾದ ಲಾಭ

ಜಹೀರಾಬಾದಿನಿಂದ ಝರಾಸಂಗಂ ಕಡೆಯ ಗುಡ್ಡದ ಕಲ್ಲುದಾರಿ ಹತ್ತಿಳಿದು ಮರಳುವ ಸೈಕಲ್ ಪಂದ್ಯವನ್ನು ನಾವು ಗೆಳೆಯರು ಏರ್ಪಡಿಸಿದ್ದು ಎಪ್ಪತ್ತರ ದಶಕದಲ್ಲಿ. ನಾನು ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಪಂದ್ಯದಿಂದ ಊರಿನ ಅಂಗಡಿಗಳಿಗೆ ಎಷ್ಟು ವ್ಯಾಪಾರವಾದೀತು ಎಂದು ಅಂದಾಜು ಹೇಳುವ ಕೆಲಸ ನನ್ನ ಕೊರಳಿಗೇ ಬಿತ್ತು.

ನಾನೋ, ಉಬ್ಬಿಹೋದೆ. ಸವಾರರು, ಅವರ ಬೆನ್ನಿಗೆ ಬರುವ ಗೆಳೆಯರು, ನೋಡುವ ಮಂದಿ, ಎಲ್ಲರೂ ಚಹಾ ಕುಡಿಯುತ್ತಾರೆ, ಉಣ್ಣುತ್ತಾರೆ, ಪಂಕ್ಚರ್ ಹಾಕಿಸುತ್ತಾರೆ. ಝರಾಸಂಗಂನ ಶಿವನ ಗುಡಿಗೆ ಬಂದವರೂ ಸೇರಲಿ ಎಂದು ಶ್ರಾವಣ ಸೋಮವಾರವನ್ನೇ ಆರಿಸಿದೆ. ಎಂಥ ಜಾಣ!

ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದ ಅಕ್ಕ ಕೇಳಿದ್ದಳು, "ಖರೇನ ಅಷ್ಟು ಮಂದಿ ಬರ್ತಾರೇನ್ರಿ ಮಾಸ್ತರ? ತಗಡು ಸೋರಾಕತ್ತದ. ಅವತ್ತಿನ ವ್ಯಾಪಾರದಾಗ ಹೊಸಾದು ಹಾಕಸ್ಬೇಕಂತೀನಿ."

"ನಿಶ್ಚಿಂತಿ ಇರ್ರಿ ಅಕ್ಕಾ. ನಿಮ್ಮ ರೊಟ್ಟಿ ಸಾಲಂಗಿಲ್ಲ ನೋಡ್ರಿ."

ಬೀದರ್, ತಾಂಡೂರು ಕಡೆಯಿಂದ ಸವಾರರು ನನ್ನ ಅಂದಾಜು ಮೀರಿ ಬಂದರು. ಸಂಜೆ ಮೈತುಂಬ ಕೆಸರು ಮೆತ್ತಿಕೊಂಡು ಗುಡ್ಡದಿಂದ ಮರಳಿದರು. ನೋಡಲು ನಿಂತವರೆಲ್ಲ ಉಪವಾಸ. ಶ್ರಾವಣ ಸೋಮವಾರ ಸಂಜೆ ಪೂಜೆ ಮುಗಿಸಿ, ಮನೆಯವರಲ್ಲದ ಒಬ್ಬರಿಗಾದರೂ ಉಣಬಡಿಸದೆ ನಮ್ಮಲ್ಲಿ ಯಾರೂ ಊಟಕ್ಕೆ ಕೂಡುವುದಿಲ್ಲ. ಹುಟ್ಟಿದಾಗಿನಿಂದ ಕಂಡ ಈ ಪದ್ಧತಿ, ಥೂ, ನನ್ನ ಗಣಿತದೊಳಗೆ ಮಾತ್ರ ಬರಲಿಲ್ಲ! ಜನ ಸವಾರರ ಸೈಕಲ್ಲನ್ನೇ ಹಿಡಿದು ಮನೆಗೆ ಎಳೆದೊಯ್ದರು. ನಮ್ಮವ್ವನೂ ಇಬ್ಬರನ್ನು ಕರೆತಂದಳು. ಒಬ್ಬ ಕಿಸೆಗೆ ಕೈ ಹಾಕಿದಾಗ, "ಶಿವನ ಪಾಲಿಗಿ ರೊಕ್ಕ ಕೊಡ್ತಾರೇನೋ ತಮ್ಮಾ?" ಎಂದು ಗದರಿದಳು. ಅವರ ಜತೆ ನಾನೂ ಹೋಳಿಗೆ, ತುಪ್ಪ ಹೊಡೆದೆ. ಖಾನಾವಳಿಯ ನೆನಪಾದದ್ದು ಕೈ ತೊಳೆದ ಮೇಲೆ.

ಹೋಗಿ ನೋಡಿದರೆ ರೊಟ್ಟಿಯ ಬುಟ್ಟಿ ತುಂಬಿದ್ದು ತುಂಬಿದಂತೇ ಇತ್ತು. ಸೋರುವ ಕಡೆ ಅಕ್ಕ ಪಾತೇಲಿ ಇಟ್ಟಿದ್ದಳು. ಒಬ್ಬ ಗಿರಾಕಿಯೂ ಬಂದಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಹಸಿವಾಗ್ಯದ ಅಕ್ಕಾ, ಬಡಸ್ರಿ" ಎಂದು ಸುಳ್ಳು ಹೇಳಿ ಕೂತೆ. ಬಿಗಿದ ಹೊಟ್ಟೆಗೆ ರೊಟ್ಟಿ ತುರುಕಿದೆ. ಅವಳು ಮುಂದೆ ಕೂತು ಮೇಲಿಂದ ಮೇಲೆ ಪಲ್ಯ ಹಾಕಿದಳು. ಎದ್ದು, ಕಿಸೆಯಲ್ಲಿದ್ದಷ್ಟನ್ನೂ ತೆಗೆದು ಚಾಚಿದೆ. ಅಕ್ಕ ನನ್ನ ಕೈಯನ್ನು ಹಿಂದಕ್ಕೆ ತಳ್ಳಿದಳು.

"ಬ್ಯಾಡ್ರಿ ಮಾಸ್ತರ. ನಂದೂ ಉಪಾಸ ಅದ. ಯಾರರೆ ಬರ್ತಾರಂತ ದಾರಿ ಕಾಯಾಕತ್ತಿದ್ದೆ. ನೀವು ಉಂಡ್ರಲ್ಲ, ಈಗ ನಾ ಉಣ್ತೀನಿ."