ಬೇರೆಯವರ ಡಬ್ಬದಲ್ಲಿ ತನ್ನದೇ ಬೂಟು

ಸೂರ್ಯ ಇನ್ನೂ ಎದುರು ಕಟ್ಟಡದ ನೀರಿನ ಟ್ಯಾಂಕಿನ ಹಿಂದೆಯೇ ಇದ್ದಾನೆ. ಓಣಿಯ ತುದಿಯ ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಮಣೆಯ ಮೇಲೆ ಕೂತ ಹೆಂಗಸು ಬೂಟಿನ ಅಚ್ಚಾದ ಮರದ ಪಾದವೊಂದನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ನೆನೆಸಿದ ತೊಗಲನ್ನು ಅದರ ಮೇಲೆ ಎಳೆದು ಕೂರಿಸುತ್ತಿದ್ದಾರೆ. ಬಾಯಲ್ಲಿ ನಾಲ್ಕಾರು ಸಣ್ಣ ಮೊಳೆಗಳು. ಹಾಗಾಗಿ ನಮಸ್ಕಾರಕ್ಕೆ ತಲೆಯಾಡಿಸುವುದಷ್ಟೇ ಉತ್ತರ. ಮೊಳೆಗಳೆಲ್ಲ ಅಟ್ಟೆಗೆ ಇಳಿದ ಮೇಲೆಯೇ ಮಾತು.

"ಬೆಳಗ್ಗೆ ಹೊತ್ತು ತೊಗಲು ಹೇಳಿದ ಮಾತು ಕೇಳುತ್ತೆ. ಬಿಸಿಲೇರಿದ ಮೇಲೆ ಅದಕ್ಕೂ ಸೊಕ್ಕು ಬರುತ್ತೆ," ಎಂದು ನಗುತ್ತಾರೆ.

ಓಣಿಗೆಲ್ಲ ಇವರು ಬೂಟಮ್ಮ. ವಯಸ್ಸು ಅರವತ್ತರ ಹತ್ತಿರ. ಈ ಕಸುಬು ಗಂಡನದು. ಎದೆಯ ಕಾಯಿಲೆಯಿಂದ ಅವರಿಗೆ ಸುತ್ತಿಗೆ ಎತ್ತಲಾಗದೆ ಹೋದಾಗ ಹೆಂಡತಿ ಮಣೆಯ ಮೇಲೆ ಕೂತರು. ಗಂಡ ಮೂಲೆಯ ಮಂಚದಲ್ಲಿ ಕಣ್ಣು ಮುಚ್ಚಿ ಮಲಗಿದ್ದಲ್ಲಿಂದಲೇ, ಬರೀ ಸದ್ದು ಕೇಳಿ, "ಮೊಳೆ ಓರೆ ಹೋಯ್ತು, ಕಿತ್ತು ಹಾಕು" ಅನ್ನುತ್ತಿದ್ದರಂತೆ. "ಹೊಗಳಿದ್ದು ಒಂದೇ ಸಲ. ಅದೂ ನಿದ್ದೆಗಣ್ಣಲ್ಲಿ," ಎನ್ನುತ್ತಾರೆ ಬೂಟಮ್ಮ. ಗಂಡ ತೀರಿಕೊಂಡ ಮೇಲೆ ಬಂದ ಗಿರಾಕಿಗಳು ಒಳಗೆ ಇಣುಕಿ, "ಯಜಮಾನ್ರಿಲ್ವಾ?" ಎಂದು ಹೊರಟು ನಿಲ್ಲುತ್ತಿದ್ದರು. "ಅವರಿಲ್ಲ. ನಿಮ್ಮ ಕಾಲಿದೆಯಲ್ಲ, ಇಲ್ಲಿಡಿ," ಎನ್ನುವುದನ್ನು ಇವರು ಕಲಿತರು.

ಹೊಸ ಬೂಟು ಒಂದು ಜೊತೆಗೆ ಎರಡು ದಿನ ಬೇಕು. ವರ್ಷದ ಕೊನೆಯ ರಜೆ ಬಂತೆಂದರೆ, ಮಕ್ಕಳಿಗೆ ಉಡುಗೊರೆ ಕೊಡಲು ಅಪ್ಪಂದಿರು, ಮಾವಂದಿರು ತಿಂಗಳ ಮೊದಲೇ ಅಳತೆ ಕೊಟ್ಟು ಹೋಗುತ್ತಿದ್ದ ಕಾಲವೊಂದಿತ್ತು. ಈಗ ದೊಡ್ಡ ಅಂಗಡಿಯ ಗಾಜಿನೊಳಗೆ ಹೊರದೇಶದ ಬೂಟುಗಳು ದೀಪ ಹಾಕಿಸಿಕೊಂಡು ಕೂತಿವೆ. ಬೂಟಮ್ಮನ ಪಾಲಿಗೆ ಉಳಿದಿರುವುದು ಹೆಚ್ಚಾಗಿ ರಿಪೇರಿ. ಈ ಸಲ ವರ್ತಕರ ಸಂಘದವರು 'ನಮ್ಮೂರಿನದ್ದೇ ಕೊಳ್ಳಿ, ನಮ್ಮವರಿಗೇ ಕೊಡಿ' ಎಂದು ಓಣಿಗೆ ಅಡ್ಡಲಾಗಿ ಬ್ಯಾನರು ಕಟ್ಟಿಸಿದ್ದಾರೆ. ಕಟ್ಟಿಸಲು ಬಂದ ಕಾರ್ಯದರ್ಶಿ ಏಣಿ ಹತ್ತುವ ಮೊದಲು ಬಿಚ್ಚಿಟ್ಟಿದ್ದು ಹೊರದೇಶದ ಬೂಟು. "ಅದರ ಅಟ್ಟೆ ಬಾಯಿ ಬಿಟ್ಟಿತ್ತು. ಅವರು ಏಣಿ ಇಳಿಯೋಷ್ಟರಲ್ಲಿ ಅಂಟಿಸಿಟ್ಟೆ. ಪಾಪ, ನನ್ನ ಮುಖ ನೋಡೋಕೇ ಆಗಲಿಲ್ಲ ಅವರಿಗೆ."

ನಗು ಅಲ್ಲಿಗೇ ನಿಲ್ಲುತ್ತದೆ. "ಅವರನ್ನ ಆಡಿಕೊಳ್ಳೋಕೆ ನನಗೇನು ಯೋಗ್ಯತೆ? ಹೋದ ವರ್ಷ ನಾನು ಮಾಡಿದ್ದು ಅದಕ್ಕಿಂತ ಕೇಡು," ಎನ್ನುತ್ತಾರೆ.

ಹೋದ ವರ್ಷ ರಜೆಗೆ ಮಗಳ ಅತ್ತೆಯ ಮನೆಯಲ್ಲಿ ನೆಂಟರೆಲ್ಲ ಸೇರುವುದಿತ್ತು. ಬೂಟಮ್ಮ ಆರು ವರ್ಷದ ಮೊಮ್ಮಗಳಿಗೆಂದು ಕೆಂಪು ಬೂಟು ಹೊಲಿದಿದ್ದರು. ಬೂಟಿನ ಕತ್ತಿನ ಹತ್ತಿರ ಜೋಡಿ ಹೊಲಿಗೆ, ಒಳಗೆ ಮೆತ್ತನೆಯ ಅಸ್ತರು. ಹಿಂದಿನ ದಿನ ಮಗಳ ಫೋನು ಬಂತು. "ಅಮ್ಮಾ, ಬರಿಗೈಲಿ ಬಂದ್ರೂ ಪರವಾಗಿಲ್ಲ. ಬೂಟನ್ನ ಪೇಪರಲ್ಲಿ ಸುತ್ತಿಕೊಂಡು ಮಾತ್ರ ತರಬೇಡ. ಇಲ್ಲಿ ಎಲ್ಲರೂ ದೊಡ್ಡ ಅಂಗಡಿಯಿಂದ ತರ್ತಾರೆ."

ಅಂಗಡಿಯ ಕಪಾಟಿನಲ್ಲಿ ಗಿರಾಕಿಯೊಬ್ಬರು ಬಿಟ್ಟುಹೋಗಿದ್ದ ಹೊರದೇಶದ ಕಂಪನಿಯ ಡಬ್ಬವಿತ್ತು. ಹೊಳೆಯುವ ಮುಚ್ಚಳ, ಚಿನ್ನದ ಬಣ್ಣದ ಅಕ್ಷರ. ಬೂಟಮ್ಮ ಅದರಲ್ಲಿದ್ದ ಗುಂಡಿ, ಬಕಲ್ಲುಗಳನ್ನು ಸುರಿದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಂಪು ಬೂಟನ್ನು ಒಳಗಿಟ್ಟರು.

ನೆಂಟರ ನಡುವೆ ಡಬ್ಬ ತೆರೆದದ್ದು ಬೀಗಿತ್ತಿ. ಬೂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಅಬ್ಬಾ, ಹೊಲಿಗೆ ನೋಡ್ರೇ! ಹೊರಗಿನವರ ಕೆಲಸ ಅಂದ್ರೆ ಹಿಂಗಿರುತ್ತೆ. ನಮ್ಮೋರ ಕೈಲಿ ಇದು ಆಗೋ ಮಾತಾ?" ಬೂಟು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಮೆಚ್ಚಿದರು. ಎಲ್ಲಿ ತಗೊಂಡಿರಿ ಎಂದು ಯಾರೋ ಕೇಳಿದರು. "ಪೇಟೆಯಲ್ಲಿ," ಎಂದರು ಬೂಟಮ್ಮ. ತೊಗಲಿನ ಬಣ್ಣ ಹಿಡಿದ ಉಗುರುಗಳು ಕಾಣದಂತೆ ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು.

ಅಷ್ಟರಲ್ಲಿ ಮೊಮ್ಮಗಳು ಬೂಟಿನೊಳಗೆ ಮೂಗು ತೂರಿಸಿ ಕೂಗಿದಳು: "ಅಜ್ಜೀ, ಇದು ನಿನ್ನ ಅಂಗಡಿ ವಾಸನೆ! ನೀನೇ ಮಾಡಿದ್ದಲ್ವಾ?"

ಎಲ್ಲರೂ ನಕ್ಕರು. ಮಗಳು ತಲೆ ತಗ್ಗಿಸಿದಳು. ಬೂಟಮ್ಮ ಮಗುವಿನ ಕಡೆ ಕಣ್ಣು ಕೆಂಪಗೆ ಮಾಡಿ, "ಸುಮ್ನಿರೇ, ಏನೇನೋ ಒದರಬೇಡ," ಎಂದರು.

ಇದನ್ನು ಹೇಳುವಾಗ ಅವರ ಕೈಯಲ್ಲಿನ ದಾರ ನಿಂತುಬಿಡುತ್ತದೆ. "ಮಗು ಮುಖ ಇಷ್ಟೇ ಇಷ್ಟಾಯ್ತು. ಅದು ಹೇಳಿದ್ದು ನಿಜ. ನಾನು ಅದರ ಬಾಯಿ ಮುಚ್ಚಿಸಿದೆ. ಗಂಡ ಮಲಗಿದ್ದಲ್ಲಿಂದ ಕಲಿಸಿದ ಕಸುಬು ನೋಡಿ, ಅದನ್ನ ನಾಲ್ಕು ಜನರ ಮುಂದೆ ನನ್ನದಲ್ಲ ಅಂದುಬಿಟ್ಟೆ. ಕದ್ದವರು ಕದ್ದ ಮಾಲನ್ನ ತಮ್ಮದು ಅಂತಾರೆ. ನಾನು ನನ್ನದನ್ನೇ ಬೇರೆಯವರದು ಅಂದೆ."

ಕೆಲವು ವಾರಗಳ ಮೇಲೆ ಬೀಗಿತ್ತಿ ಫೋನು ಮಾಡಿದರು. ಅಂಥದ್ದೇ ಬೂಟು ತಮ್ಮ ತಂಗಿಯ ಮೊಮ್ಮಗನಿಗೂ ಬೇಕಂತೆ, ಅಂಗಡಿಯ ವಿಳಾಸ ಕೊಡಬೇಕಂತೆ. ಬೂಟಮ್ಮ ವಿಚಾರಿಸಿ ಹೇಳುತ್ತೇನೆಂದು ಫೋನಿಟ್ಟರು. ಇನ್ನೊಂದು ಡಬ್ಬ ಹುಡುಕಿದ್ದರೆ ಮುಗಿಯುತ್ತಿತ್ತು. ಅವರು ಹುಡುಕಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಅಳತೆಯ ಟೇಪು ಹಿಡಿದು ಬೀಗರ ಮನೆಗೇ ಹೋದರು. ನಿಂತಲ್ಲಿಯೇ ಹೇಳಿದರು: "ಬೀಗ್ರೇ, ಆ ಬೂಟು ನಾನೇ ಹೊಲಿದಿದ್ದು. ಡಬ್ಬ ಮಾತ್ರ ಬೇರೆಯವರದು."

ಬೀಗಿತ್ತಿ ಅವರನ್ನು ಕೂರಿಸಿದರು. ಆಮೇಲೆ, "ಅವತ್ತು ನಾನು ಅಷ್ಟೆಲ್ಲ ಅಂದೆನಲ್ರೀ. ಕೇಳಿಕೊಂಡು ಯಾಕೆ ಕೂತಿದ್ರಿ?" ಎಂದರು. ಬೂಟಮ್ಮ ಟೇಪು ಮುಂದಿಟ್ಟು, ಆ ಹುಡುಗನ ಕಾಲಿನ ಅಳತೆ ಬೇಕೆಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಹೋದವಳು ತಾಯಿ ಹೊರಡುವವರೆಗೂ ಈಚೆ ಬರಲಿಲ್ಲ. ಮೊಮ್ಮಗಳನ್ನು ಮೆಟ್ಟಿಲ ಹತ್ತಿರ ಕೂರಿಸಿಕೊಂಡು ಬೂಟಮ್ಮ, "ನೀನು ಹೇಳಿದ್ದೇ ನಿಜ ಕಂದಾ," ಎಂದಾಗ ಮಗು, "ನಂಗೊತ್ತಿತ್ತು. ನೀನ್ಯಾಕೆ ಬೈದೆ?" ಎಂದು ಕೇಳಿತಂತೆ.

ಬೀಗಿತ್ತಿ ಬೂಟು ಮಾಡಿಸಿಕೊಂಡರು. ನೆರೆಯ ಇಬ್ಬರನ್ನು ಕಳಿಸಿಯೂ ಕೊಟ್ಟರು. ಮಗಳು ಫೋನಿನಲ್ಲಿ ಊಟ, ಆರೋಗ್ಯ ಎಲ್ಲ ವಿಚಾರಿಸುತ್ತಾಳೆ. ಬೂಟಿನ ಮಾತು ಮಾತ್ರ ಎತ್ತುವುದಿಲ್ಲ. ಬೂಟಮ್ಮನಿಗೆ ಅವಳ ಮೇಲೆ ಸಿಟ್ಟಿಲ್ಲ. "ಚಿಕ್ಕೋಳಿದ್ದಾಗ ಅವಳನ್ನ ಸ್ಕೂಲಿಗೆ ಬಿಡೋಕೆ ಹೋದಾಗ, ಕೈಗೆ ಬಣ್ಣ ಅಂಟಿದೆ ಅಂತ ನಾನೇ ಗೇಟಿಂದ ದೂರ ನಿಲ್ತಿದ್ದೆ. ಒಳಗೆ ಬಾ ಅಂತ ಟೀಚರ್ ಕರೆದ್ರೂ ಹೋಗ್ತಿರಲಿಲ್ಲ. ಮಗು ನೋಡಿ ಕಲೀತು. ಆ ನಾಚಿಕೆ ನಾನೇ ಹೊಲಿದು ಹಾಕಿದ್ದು. ಈಗ ಬಿಚ್ಚು ಅಂದ್ರೆ ಹೆಂಗೆ ಬಿಚ್ತಾಳೆ?"

ಈ ರಜೆಗೆ ಏನು ಆಸೆ ಎಂದು ಕೇಳಿದರೆ ದಾರಕ್ಕೆ ಮೇಣ ಉಜ್ಜುತ್ತಾ ಹೇಳುತ್ತಾರೆ. "ಜನ ನನ್ನ ಹತ್ರಾನೇ ಕೊಳ್ಳಲಿ ಅಂತ ಹೇಳೋಕೆ ನನಗೆ ಬಾಯಿಲ್ಲ. ಎಲ್ಲಿದು ಅಂತ ಯಾರಾದ್ರೂ ಕೇಳಿದ್ರೆ ನನ್ನ ನಾಲಿಗೆ ತಡವರಿಸದೆ ಇರಲಿ, ಅಷ್ಟೇ."

ಬಿಸಿಲು ಅಂಗಡಿಯೊಳಗೆ ಬಂದಿದೆ. ಹೆಂಡತಿಗೆ ಉಡುಗೊರೆ ಹುಡುಕುತ್ತಾ ಬಂದ ಒಬ್ಬರು, ಹಲಗೆಯ ಮೇಲಿನ ಕಂದು ಬೂಟನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡುತ್ತಾರೆ. "ಯಾವ ಕಂಪನಿದು ಇದು?"

"ನಂದು," ಎನ್ನುತ್ತಾರೆ ಬೂಟಮ್ಮ, ತಲೆಯೆತ್ತದೆ.

"ಏನಂದ್ರಿ?"

ಅವರು ತಲೆ ಎತ್ತುತ್ತಾರೆ. ಕಿವಿಯವರೆಗೂ ಕೆಂಪಾಗಿದ್ದಾರೆ.

"ನಂದು ಅಂದೆ. ನಾನೇ ಹೊಲಿದಿದ್ದು."